ಹೆಂಡತಿಗೆ ಹಿಂಬೆಳಕಿನ ಚಿತ್ರಗಳೇ ಇಷ್ಟ: ಅನುಭವ ಇದ್ದವರು ಹೇಳಿ

ಪ್ರಶ್ನೆ: ನನ್ನ ಹೆಂಡತಿ ಎಲ್ಲಿ ಹೋದರೂ ಸೂರ್ಯನಿಗೆ ಬೆನ್ನು ಹಾಕಿ ನಿಲ್ಲುತ್ತಾಳೆ. ಕೂದಲಿನ ಅಂಚು ಹೊಳೆಯುತ್ತದೆ, ಮುಖ ಕಪ್ಪಾಗುತ್ತದೆ. ಮುಂದಿನ ತಿಂಗಳು ಹಂಪಿಗೆ ಹೊರಟಿದ್ದೇವೆ. ಫ್ಲಾಶ್ ಕೊಳ್ಳಲೇ, ಮೊಬೈಲ್ ಸಾಕೇ?

ಕುಂದಾಪುರದಿಂದ: ಇದೇ ಆಸೆಗೆ ನಾನು 31,700 ರೂಪಾಯಿ ಸುರಿದಿದ್ದೇನೆ. ಫ್ಲಾಶ್ 18,500, ದೂರದಿಂದ ಫ್ಲಾಶ್ ಹೊತ್ತಿಸುವ ಟ್ರಿಗರ್ 5,200, ಬೆಳಕನ್ನು ಮೆದುಗೊಳಿಸುವ ಬಟ್ಟೆಯ ಸಾಫ್ಟ್‌ಬಾಕ್ಸ್ 3,800, ಸ್ಟ್ಯಾಂಡ್ 2,400, ಬ್ಯಾಟರಿ ಮತ್ತು ಚಾರ್ಜರ್ 1,800. ಮರವಂತೆಯಲ್ಲಿ ಎರಡನೇ ಚಿತ್ರಕ್ಕೇ ಗಾಳಿ ಸಾಫ್ಟ್‌ಬಾಕ್ಸನ್ನು ಹಾಯಿಯಂತೆ ಎಳೆದು ಕೆಡವಿತು. ಫ್ಲಾಶಿನ ಕುತ್ತಿಗೆ ಮುರಿದು ಮರಳು ಒಳಹೊಕ್ಕಿತು. ದುರಸ್ತಿಗೆ 4,600 ಕೊಟ್ಟೆ, ಮೂರು ವಾರಕ್ಕೆ ಮತ್ತೆ ಕೆಟ್ಟಿತು. ಈಗ ಬಿಸಿಲನ್ನು ಮುಖಕ್ಕೆ ತಿರುಗಿಸಲು ಮಗಳು 80 ರೂಪಾಯಿಯ ಥರ್ಮಾಕೋಲ್ ಹಾಳೆ ಹಿಡಿಯುತ್ತಾಳೆ. ಬೆಳಗ್ಗೆ ರಸ್ತೆಯ ಒಂದು ಬದಿಗೆ ಸೌಪರ್ಣಿಕಾ ಹೊಳೆಯ ಮೇಲೆ ಬಿಸಿಲು, ಸಂಜೆ ಇನ್ನೊಂದು ಬದಿಗೆ ಕಡಲಿನ ಮೇಲೆ. ನನ್ನವಳ ಮುಖ ಎಷ್ಟು ಬೆಳ್ಳಗೆ ಬರುತ್ತದೆಂದರೆ ನೆಂಟರೆಲ್ಲ ಕೇಳುತ್ತಾರೆ.

ಧಾರವಾಡದಿಂದ: ಬೆಳ್ಳಗೆ ಬರಬೇಕೆಂದು ಯಾರು ಕೇಳಿದರು? ನಮ್ಮ ಮನೆಯಲ್ಲಿ ಕ್ಯಾಮೆರಾ ನನ್ನ ಕೈಯಲ್ಲಿ. ಯಜಮಾನರ ಅರವತ್ತರ ಶಾಂತಿಗೆ ಹಟ ಹಿಡಿದು 340 ಚಿತ್ರಗಳನ್ನೂ ಮುಖಕ್ಕೆ ಬೆಳಕು ಬೀಳುವಂತೆಯೇ ತೆಗೆದೆ, ಆಲ್ಬಮ್ಮಿಗೆ 9,200 ಕೊಟ್ಟೆ. ಅವರು ಒಂದನ್ನೂ ಗೋಡೆಗೆ ಹಾಕಲಿಲ್ಲ. ಗೋಡೆಯ ಮೇಲಿರುವುದು ಮೊಮ್ಮಗಳು ಮೊಬೈಲಿನಲ್ಲಿ ತೆಗೆದದ್ದು. ಹಿತ್ತಿಲ ಬಾಗಿಲಲ್ಲಿ ನಿಂತಿದ್ದಾರೆ, ಮುಖ ನೆರಳಿನಲ್ಲಿದೆ, ಕಿವಿಯೊಳಗಿಂದ ಬಿಸಿಲು ತೂರಿ ದಾಸವಾಳದ ಎಸಳಿನಂತೆ ಕೆಂಪಾಗಿದೆ. ಬಿಸಿಲಿಗೆ ಮುಖ ಕೊಟ್ಟರೆ ಅವರ ಕಣ್ಣಲ್ಲಿ ನೀರೂರುತ್ತದೆ. ಅದಕ್ಕೇ ಬೆನ್ನು ತಿರುಗಿಸುತ್ತಿದ್ದರೆಂದು ನನಗೆ ತಿಳಿಯಲು ನಲವತ್ತು ವರ್ಷ ಬೇಕಾಯಿತು.

ತೀರ್ಥಹಳ್ಳಿಯಿಂದ: ಲೆನ್ಸಿನ ಮಾತನ್ನೇ ಯಾರೂ ಎತ್ತಲಿಲ್ಲ. ಒಂದು ಮಳೆಗಾಲ ಕಳೆದ ಮೇಲೆ ನನ್ನ 50 ಎಂಎಂ ಲೆನ್ಸಿನಲ್ಲಿ ಹಿಂಬೆಳಕಿನ ಚಿತ್ರಗಳೆಲ್ಲ ಮಜ್ಜಿಗೆ ಎರಚಿದಂತೆ ಬಂದವು. ಉಳಿದ ಚಿತ್ರಗಳಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. ಟಾರ್ಚ್ ಬಿಟ್ಟು ನೋಡಿದರೆ ಒಳಗಿನ ಗಾಜಿನ ಮೇಲೆ ಜೇಡನ ಬಲೆಯಂಥ ಬೂಷ್ಟು. ತೊಳೆಸಲು 2,800. ಮರಳಿ ಬಂದಾಗ ಫೋಕಸ್ ಬಿಗಿಯಾಗಿತ್ತು, ಅದಕ್ಕೆ 1,500. ಮರುವರ್ಷ ಬೂಷ್ಟು ಮತ್ತೆ ಹಾಜರು. ಕೊನೆಗೆ 11,000 ಕೊಟ್ಟು ತೇವ ತಗಲದಂತೆ ಲೆನ್ಸ್ ಇಡುವ ಡ್ರೈ ಕ್ಯಾಬಿನೆಟ್ ತಂದೆ. ಇನ್ನು ಆ ಥರ್ಮಾಕೋಲ್! ಬಿಸಿಲನ್ನು ತಪ್ಪಿಸಿಕೊಂಡು ನಿಂತವಳ ಕಣ್ಣಿಗೆ ಅದೇ ಬಿಸಿಲನ್ನು ತಿರುಗಿಸಿ ಹೊಡೆಯುವುದು ಯಾವ ನ್ಯಾಯ? ನಾನು ಸ್ಪಾಟ್ ಮೀಟರ್ ಇಟ್ಟು ಮುಖದ ಬೆಳಕನ್ನಷ್ಟೇ ಅಳೆಯುತ್ತೇನೆ, ಆಕಾಶ ಬರೀ ಬಿಳಿಯಾದರೂ ಬಿಟ್ಟುಕೊಡುತ್ತೇನೆ.

ಕುಂದಾಪುರದಿಂದ: ಆಕಾಶವನ್ನೇ ಬಿಟ್ಟುಕೊಡುವವರು ಮನೆಯ ಗೋಡೆಯ ಮುಂದೆ ನಿಲ್ಲಿಸಿ ತೆಗೆಯಬಹುದು. ಹಾಳೆಯನ್ನು ಎದೆಯ ಎತ್ತರದಲ್ಲಿ, ಆರು ಅಡಿ ದೂರ ಹಿಡಿದರೆ ಕಣ್ಣು ಕುಕ್ಕುವುದಿಲ್ಲ. ಧಾರವಾಡದ ಅಮ್ಮನವರೇ, ಬೆಳ್ಳಗೆ ಎಂದದ್ದು ಬೆಳಕಿನ ಮಾತು, ಮೈಬಣ್ಣದ ಮಾತಲ್ಲ.

ಧಾರವಾಡದಿಂದ: ಬೆಳಕಾದರೆ ಬೆಳಕು ಎನ್ನಿ. ನಿಮ್ಮ ನೆಂಟರು ಕೇಳಿದ್ದು ಬೆಳಕನ್ನಲ್ಲ. ನನ್ನ ಮದುವೆಯ ಚಿತ್ರದಲ್ಲಿ ಸ್ಟುಡಿಯೋದವರು ಬ್ರಷ್ಷಿನಿಂದ ನನ್ನ ಕೆನ್ನೆಯನ್ನು ಬಿಳಿ ಮಾಡಿದ್ದರು. ಮಕ್ಕಳು ಅದನ್ನು ನೋಡಿ ಇದು ಯಾರು ಎಂದು ಕೇಳಿದ್ದಾರೆ. ಆ ನೋವು ನಿಮಗೆ ತಿಳಿಯದು.

ಹೊಸಪೇಟೆಯಿಂದ: ಸಂಜೆ ಹಂಪಿಯ ಹೇಮಕೂಟ ಬೆಟ್ಟಕ್ಕೆ ಹೋಗಿ. ಮಂಟಪದ ಕಂಬಗಳ ನಡುವೆ ಅವರನ್ನು ನಿಲ್ಲಿಸಿ, ಮೊಬೈಲಿನ ಎಚ್‌ಡಿಆರ್ ಆಫ್ ಮಾಡಿ. ಅದು ನೆರಳನ್ನೆಲ್ಲ ಬೆಳಗಿಸಿ ಚಿತ್ರವನ್ನು ಸಪ್ಪೆ ಮಾಡುತ್ತದೆ. ಮೂರು ವರ್ಷ ಅದನ್ನು ಆಫ್ ಮಾಡದೆ ನನ್ನವಳ ಕೈಯಲ್ಲಿ ಬೈಸಿಕೊಂಡೆ. ತೀರ್ಥಹಳ್ಳಿಯವರೇ, ಬೂಷ್ಟಿಗೆ 11,000 ಏಕೆ? ಲೆನ್ಸನ್ನು ಅಕ್ಕಿ ಡಬ್ಬಿಯಲ್ಲಿ ಇಟ್ಟರಾಯಿತು.

ತೀರ್ಥಹಳ್ಳಿಯಿಂದ: ಹೊಸಪೇಟೆಯ ಬಿಸಿಲಿನಲ್ಲಿ ಕುಳಿತು ಮಲೆನಾಡಿನ ಮಳೆಗೆ ಮದ್ದು ಹೇಳಬೇಡಿ. ಅಕ್ಕಿಯಲ್ಲಿಯೂ ಇಟ್ಟು ನೋಡಿದ್ದೇನೆ. ಅಕ್ಕಿಯ ಹುಡಿ ಫೋಕಸ್ ರಿಂಗಿನೊಳಗೆ ಸೇರಿ, ತಿರುಗಿಸಿದಾಗಲೆಲ್ಲ ಕರಕರ ಎನ್ನುತ್ತಿತ್ತು. ಅದನ್ನು ಬಿಡಿಸಲು 900 ಕೊಟ್ಟಿದ್ದೇನೆ, ರಸೀದಿ ಇನ್ನೂ ಇದೆ.