ರಿಯಾಕ್ಟಿವ್ ಲೈಟಿಂಗ್‌ಗೆ 'ತಟ್ಟುಬೆಳಕು' ಸರಿಯಾದೀತೇ?

ಗೆಳೆಯರೇ, ನಮಸ್ಕಾರ.

ನಾನಿರುವುದು ಮುಂಬೈ ಪಕ್ಕದ ಡೊಂಬಿವಲಿಯಲ್ಲಿ. ಇಲ್ಲಿಯ ಕೆಲವು ಕನ್ನಡದ ಹುಡುಗರು ಲ್ಯಾಮಿಂಗ್ಟನ್ ರೋಡಿನಿಂದ ಬಿಡಿಭಾಗ ತಂದು ತಾವೇ ಕೀಬೋರ್ಡ್ ಜೋಡಿಸುತ್ತಾರೆ. ಅವರಿಗೆಂದು ಕ್ಯೂಎಂಕೆ ಫರ್ಮ್‌ವೇರ್ (ಕೀಬೋರ್ಡಿನ ಒಳಗೇ ಕೂತು ಕೀಗಳನ್ನೂ ಬೆಳಕನ್ನೂ ನಡೆಸುವ ತಂತ್ರಾಂಶ) ಬಗ್ಗೆ ಕನ್ನಡದಲ್ಲಿ ಕೈಪಿಡಿ ಬರೆಯುತ್ತಿದ್ದೇನೆ. ಕೀ, ಎಲ್‌ಇಡಿ, ಫರ್ಮ್‌ವೇರ್ ಹಾಗೇ ಇರಲಿ, ಅವು ಎಲ್ಲರ ಬಾಯಲ್ಲೂ ಇವೆ. ತೊಡಕು ಇರುವುದು ಬೆಳಕಿನ ಎಫೆಕ್ಟ್‌ಗಳ ಹೆಸರಲ್ಲಿ.

ಕೀ ಒತ್ತಿದಾಗ ಅದರಡಿಯ ಎಲ್‌ಇಡಿ ಬೆಳಗಿ, ಮೆಲ್ಲಗೆ ಮಂಕಾಗುತ್ತದೆ. ಅದು 'ರಿಯಾಕ್ಟಿವ್'. 'ಪ್ರತಿಕ್ರಿಯಾತ್ಮಕ' ಎನ್ನಲು ನನಗೆ ಮನಸ್ಸಿಲ್ಲ. ಮರಾಠಿ, ಹಿಂದಿ ಓದಿ ಬೆಳೆದ ಈ ಹುಡುಗರಿಗೆ ಪ್ರತಿಕ್ರಿಯೆ ಅಂದರೆ ಯಾರೋ ಹೇಳಿದ ಅಭಿಪ್ರಾಯ. ನಮ್ಮಲ್ಲೂ ಹಾಗೇ ಅಲ್ವಾ?

'ಒತ್ತುಬೆಳಕು' ಚೆನ್ನಾಗಿ ಕೇಳಿಸುತ್ತದೆ, ಆದರೆ ಎರಡು ಅಡ್ಡಿಗಳಿವೆ. ಕೀ ಒತ್ತಿದಾಗಲ್ಲ, ಬಿಟ್ಟಾಗ ಬೆಳಗಲಿ ಎಂದೂ ಫರ್ಮ್‌ವೇರಿನಲ್ಲಿ ಹೇಳಬಹುದು. ಆಗ ಆ ಹೆಸರು ಸುಳ್ಳಾಗುತ್ತದೆ. ಎರಡನೆಯದು ಇನ್ನೂ ದೊಡ್ಡದು: ಕನ್ನಡ ಟೈಪಿಂಗಿನಲ್ಲಿ 'ಒತ್ತು' ಅಂದರೆ ಒತ್ತಕ್ಷರ. ಹಾಗಾಗಿ 'ತಟ್ಟುಬೆಳಕು' ಎಂದು ಬರೆದುಕೊಂಡಿದ್ದೇನೆ. ತಟ್ಟುವುದರಲ್ಲಿ ಒತ್ತುವುದೂ ಬಿಡುವುದೂ ಸೇರಿವೆ.

ಒತ್ತಕ್ಷರದ ಮಾತು ಬಂತಲ್ಲ, 'ಟೈಪಿಂಗ್ ಹೀಟ್‌ಮ್ಯಾಪ್' ನನಗೆ ಬಹಳ ಇಷ್ಟವಾದದ್ದೂ ಅದರಿಂದಲೇ. ಇದರಲ್ಲಿ ಜಾಸ್ತಿ ತಟ್ಟಿದ ಕೀ ಕೆಂಪಿನ ಕಡೆ ಹೋಗುತ್ತದೆ, ಅಕ್ಕಪಕ್ಕದವೂ ಸ್ವಲ್ಪ ಕಾವೇರುತ್ತವೆ, ಬಿಟ್ಟರೆ ತಣಿಯುತ್ತವೆ. 'ನುಡಿ' ತಂತ್ರಾಂಶದಲ್ಲಿ ಬಳಸುವ ಕೆ.ಪಿ. ರಾವ್ ಕೀಬೋರ್ಡ್ ವಿನ್ಯಾಸದಲ್ಲಿ ಒತ್ತಕ್ಷರಕ್ಕೆಲ್ಲ ಎಫ್ ಕೀ ಬೇಕು. 'ಅಕ್ಕ' ಎಂದು ಬರೆಯಲು ಎರಡು ಕ ನಡುವೆ ಅದನ್ನು ತಟ್ಟಬೇಕು. ಒಂದು ಪುಟ ಕನ್ನಡ ಬರೆದು ನೋಡಿ, ಎಫ್ ಹೇಗೆ ಕೆಂಪಗಾಗುತ್ತದೆ! ಇಂಗ್ಲಿಷ್ ಬರೆದರೆ ಈ ಚಿತ್ರ ಬರುವುದೇ ಇಲ್ಲ. ಇದಕ್ಕೆ 'ಕಾವುಪಟ' ಎಂದಿಟ್ಟಿದ್ದೇನೆ. 'ಶಾಖನಕ್ಷೆ'ಗಿಂತ ಹಗುರ ಅನಿಸಿತು.

'ಕ್ರಾಸ್' ಸುಲಭ. ತಟ್ಟಿದ ಕೀಯ ಅಡ್ಡಸಾಲು, ಉದ್ದಸಾಲು ಎರಡೂ ಬೆಳಗುತ್ತವೆ. 'ಅಡ್ಡ-ಉದ್ದ' ಎಂದರೆ ಸಾಕು.

ನಾನು ನಿಂತಿರುವುದು 'ಸ್ಪ್ಲ್ಯಾಶ್' ಬಳಿ. ಹೆಸರು ನೋಡಿದರೆ 'ಚಿಮ್ಮು' ಅನ್ನಬೇಕು, ಆದರೆ ಇಲ್ಲಿ ಏನೂ ಚಿಮ್ಮುವುದಿಲ್ಲ. ಕೆರೆಗೆ ಕಲ್ಲು ಬಿದ್ದಾಗ ಸುತ್ತು ಏಳುವ ಹಾಗೆ, ತಟ್ಟಿದ ಕೀಯಿಂದ ಬಣ್ಣದ ಬಳೆಯೊಂದು ಹೊರಕ್ಕೆ ಹರಡಿ ಮಾಯವಾಗುತ್ತದೆ. 'ಮಲ್ಟಿಸ್ಪ್ಲ್ಯಾಶ್'ನಲ್ಲಿ ಹೀಗೆ ಹಲವು ಬಳೆಗಳು ಒಟ್ಟಿಗೆ ಹೊರಡುತ್ತವೆ. 'ಅಲೆಬಳೆ' ಎಂದು ನಾನೇ ಕಟ್ಟಿದೆ. ಆದರೆ ಕಟ್ಟಿದ ಪದಕ್ಕಿಂತ ಆಡುವ ಪದ ಸಿಕ್ಕರೆ ಒಳ್ಳೆಯದು.

ನೀರಿನ ಆ ಸುತ್ತುಗಳಿಗೆ ನಿಮ್ಮೂರಲ್ಲಿ ಏನಂತಾರೆ? ಧಾರವಾಡ, ಮಲೆನಾಡು, ಕುಂದಾಪುರ ಕಡೆಯವರು ಮನೆಯ ಹಿರಿಯರನ್ನು ಒಂದು ಮಾತು ಕೇಳಿ ತಿಳಿಸಿ. 'ತಟ್ಟುಬೆಳಕು' ಕಿವಿಗೆ ಒರಟು ಅನಿಸಿದರೆ ಅದನ್ನೂ ಹೇಳಿ.