ಅಪ್‌ಡೇಟ್: ಚಾರ್ಜರ್‌ನ ಕೆಂಪು ಲೈಟ್ ಮಿಣುಕುವುದು ನಿಂತಿತು

ಟಾರ್ಚ್‌ನ ಎಎ ಸೆಲ್ ಹಾಕುವ ಹಳೇ ಚಾರ್ಜರ್ ಒಮ್ಮೆ ಸರಿ ಇರುತ್ತದೆ, ಒಮ್ಮೆ ಸುಮ್ನೆ ಕೆಂಪು ಲೈಟ್ ಮಿಣುಕಿಸುತ್ತದೆ ಅಂತ ಕೇಳಿದ್ದೆನಲ್ಲ, ಕಾರಣ ಸಿಕ್ಕಿತು. ಮೈನಸ್ ಕಡೆಯ ಸ್ಪ್ರಿಂಗ್ ಬುಡದಲ್ಲಿ ಹಸಿರು ಕಿಲುಬು! ಬದಿಯಡ್ಕದ ಮಳೆಗಾಲದಲ್ಲಿ ಚಪ್ಪಲಿಗೇ ಬೂಷ್ಟು ಬರುತ್ತದೆ, ಇದು ಯಾವ ಲೆಕ್ಕ. ಪ್ಲಗ್ ಕಿತ್ತು, ಇಯರ್‌ಬಡ್‌ಗೆ ಚೂರು ವಿನೆಗರ್ ಹಚ್ಚಿ ಉಜ್ಜಿದೆ. ಆಮೇಲೆ ಸ್ಪಿರಿಟ್‌ನಲ್ಲಿ ಒರೆಸಿ ಚೆನ್ನಾಗಿ ಒಣಗಿಸಿದೆ.

ಆದರೂ ಒಂದು ಜೋಡಿಗೆ ಮಾತ್ರ ಮಿಣುಕು ಹೋಗಲಿಲ್ಲ. ವೋಲ್ಟೇಜ್ ಅಳೆಯುವ ಮೀಟರ್ ಹಿಡಿದರೆ ಒಂದು ಸೆಲ್ 0.4 ವೋಲ್ಟ್! ಇಂಥ ರೀಚಾರ್ಜ್ ಮಾಡುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ನಲ್ಲಿ 1.2ರ ಆಸುಪಾಸು ಇರಬೇಕು, ಅಲ್ವಾ? ಈ ಚಾರ್ಜರ್ ಎರಡೆರಡನ್ನೇ ಒಟ್ಟಿಗೆ ಚಾರ್ಜ್ ಮಾಡುವಂಥದ್ದು. ಹಾಗಾಗಿ ಸತ್ತದ್ದರ ಪಕ್ಕ ಕೂತ ಒಳ್ಳೇ ಸೆಲ್ಲಿಗೂ ಉಪವಾಸ. ಹೊಸ ಜೋಡಿ ತಂದಿದ್ದೇನೆ. ಈಗ ತೊಂದರೆಯಿಲ್ಲ, ಆದರೆ ಚಾರ್ಜರ್ ಜಾಸ್ತಿ ಬಿಸಿಯಾಗುತ್ತದೆ, ರಾತ್ರಿಯಿಡೀ ಹಾಕಿಡುವುದಿಲ್ಲ.