ಖಾಲಿ ಸೈಟಿನಲ್ಲಿ ಮತ್ತೆ ಮರಿಗಳು: ಸಾಕುಪ್ರಾಣಿ ಇರುವವರು ದಯವಿಟ್ಟು ಓದಿ

ಅಡ್ಮಿನ್:
ಎಲ್ಲರಿಗೂ ನಮಸ್ಕಾರ. ಪಾರ್ಕಿನ ಹಿಂದಿನ ಖಾಲಿ ಸೈಟಿನಲ್ಲಿ ಮತ್ತೆ ಯಾರೋ ಬೆಕ್ಕಿನ ಮರಿಗಳನ್ನು ಬಿಟ್ಟು ಹೋಗಿದ್ದಾರೆ. ರಟ್ಟಿನ ಡಬ್ಬ, ಒಳಗೆ ಮಡಚಿದ ಟವೆಲ್, ಅದರ ಮೇಲೆ ನಾಲ್ಕು ಮರಿ. ಇನ್ನೂ ಕಣ್ಣು ಬಿಟ್ಟಿಲ್ಲ. ಟವೆಲ್ ಹಾಸಿದ್ದಾರೆ ಅಂದರೆ ಯಾರದೋ ಮನೆಯೊಳಗೇ ಹುಟ್ಟಿದವು, ಅಲ್ವಾ? ಯಾರು ಅಂತ ಪತ್ತೆ ಮಾಡೋದಕ್ಕೆ ಈ ಮೆಸೇಜ್ ಹಾಕಿಲ್ಲ. ಮುಂದೆ ಹೀಗಾಗದಂತೆ ಏನು ಮಾಡೋಣ, ಹೇಳಿ.

ಮೂಲೆ ಮನೆ:
ಮರಿಗಳು ಸದ್ಯಕ್ಕೆ ನಮ್ಮಲ್ಲಿವೆ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿ ಇಟ್ಟಿದ್ದೇನೆ. ದಯವಿಟ್ಟು ಹಸುವಿನ ಹಾಲು ತರಬೇಡಿ, ಭೇದಿ ಹಿಡಿಯುತ್ತದೆ. ಬೆಕ್ಕಿನ ಮರಿಗೆಂದೇ ಬರುವ ಹಾಲಿನ ಪುಡಿ ಇದ್ದರೆ ಕೊಡಿ. ರಾತ್ರಿಯೂ ಎರಡು ಮೂರು ಗಂಟೆಗೊಮ್ಮೆ ಕುಡಿಸಬೇಕು. ಸರದಿಗೆ ಯಾರು ಬರುತ್ತೀರಿ?

ಮಹಡಿ ಮನೆ:
ಬೀದಿಯಲ್ಲಿ ಊಟ ಹಾಕುವವರನ್ನು ಮೊದಲು ತಡೆಯಿರಿ. ಬೆಕ್ಕು ನಾಯಿ ಎಲ್ಲವನ್ನೂ ಹಿಡಿಸಿ ದೂರ ಬಿಟ್ಟು ಬರೋಣ. ರಾತ್ರಿಯೆಲ್ಲ ಕಿರುಚಾಟ, ನಿದ್ದೆಯೇ ಇಲ್ಲ.

ಮೇಷ್ಟ್ರು, ಎರಡನೇ ರಸ್ತೆ:
ಸಾರ್, ಹಿಡಿದು ದೂರ ಬಿಟ್ಟರೆ ಆ ಜಾಗಕ್ಕೆ ಬೇರೆಯವು ಬರುತ್ತವೆ. ಊಟ ನಿಲ್ಲಿಸಿದರೆ ಕಸದ ಡಬ್ಬಿ ಉರುಳಿಸುತ್ತವೆ. ನಿಮ್ಮ ನಿದ್ದೆ ಕೆಡಿಸುವ ಕಿರುಚಾಟ ಬೆದೆಗೆ ಬಂದ ಹೆಣ್ಣು ಬೆಕ್ಕಿನದು, ಇಲ್ಲವೇ ಅದಕ್ಕಾಗಿ ಕಾದಾಡುವ ಗಂಡುಗಳದು. ಅವುಗಳಲ್ಲಿ ಎಷ್ಟೋ ಬೆಕ್ಕುಗಳ ಕೊರಳಲ್ಲಿ ಪಟ್ಟಿ ಇದೆ. ನಮ್ಮ ನಮ್ಮ ಮನೆಯವೇ. ಮರಿ ಆಗದಂತೆ ಆಪರೇಷನ್ ಮಾಡಿಸದೆ ರಾತ್ರಿ ಹೊರಗೆ ಬಿಟ್ಟು, ಬೆಳಿಗ್ಗೆ ಬೀದಿ ಬೆಕ್ಕುಗಳನ್ನು ಬೈದರೆ ಏನು ಪ್ರಯೋಜನ?

ಪಶುವೈದ್ಯೆ, ಮೂರನೇ ರಸ್ತೆ:
ಮೇಷ್ಟ್ರು ಹೇಳಿದ್ದು ಸರಿ. ಲೆಕ್ಕ ನೋಡಿ. ಹೆಣ್ಣು ಬೆಕ್ಕು ನಾಲ್ಕು ತಿಂಗಳಿಗೇ ಗಬ್ಬ ಆಗಬಹುದು. ನಮ್ಮ ಕಣ್ಣಿಗೆ ಅದಿನ್ನೂ ಮರಿ! ಸುಮಾರು 63ರಿಂದ 65 ದಿನಕ್ಕೆ ಮರಿ ಹಾಕುತ್ತದೆ. ಮರಿಗಳು ಹಾಲು ಕುಡಿಯುತ್ತಿರುವಾಗಲೇ ತಾಯಿ ಮತ್ತೆ ಬೆದೆಗೆ ಬರುವುದೂ ಉಂಟು. ಗಂಡು ಸಿಗದಿದ್ದರೆ ಎರಡು ಮೂರು ವಾರಕ್ಕೊಮ್ಮೆ ಅದೇ ಕೂಗು, ಅದೇ ಹೊರಳಾಟ. ನಾಯಿಗೆ ಬೆದೆ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ. ಅಷ್ಟೂ ದಿನ ಗೇಟಿನ ಮುಂದೆ ಬೇರೆ ನಾಯಿಗಳ ಜಾತ್ರೆ.

ಮರಿ ಬೇಡ ಅನ್ನುವುದಕ್ಕಿಂತ ನನಗೆ ಮುಖ್ಯ ಅನಿಸುವುದು ಗರ್ಭಕೋಶದ ಕೀವು. ಆಪರೇಷನ್ ಆಗದ ಹೆಣ್ಣು ನಾಯಿಗಳಲ್ಲಿ, ಅದರಲ್ಲೂ ವಯಸ್ಸಾದವುಗಳಲ್ಲಿ, ಬೆದೆ ಮುಗಿದು ಕೆಲವು ವಾರಕ್ಕೆ ಶುರುವಾಗುತ್ತದೆ. ನಾಯಿ ಬಟ್ಟಲುಗಟ್ಟಲೆ ನೀರು ಕುಡಿಯುತ್ತದೆ, ಊಟ ಬಿಡುತ್ತದೆ, ಮಂಕಾಗಿ ಮಲಗುತ್ತದೆ. ಕೆಲವಕ್ಕೆ ಹಿಂದೆ ಕೀವು ಸೋರುತ್ತದೆ. ಸೋರದಿದ್ದರೆ ಇನ್ನೂ ಅಪಾಯ, ಏಕೆಂದರೆ ಹೊಟ್ಟೆ ಊದುವವರೆಗೆ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಆಗ ನಡುರಾತ್ರಿ ಓಡಿಬಂದು, ಜೀವ ಹೋಗುತ್ತಿರುವ ನಾಯಿಗೆ ಅದೇ ಆಪರೇಷನ್ ಮಾಡಿಸಬೇಕಾಗುತ್ತದೆ. ಗಟ್ಟಿಯಾಗಿದ್ದಾಗ ಮಾಡಿಸಿದರೆ ಗರ್ಭಕೋಶ, ಅಂಡಾಶಯ ಎರಡರ ಚಿಂತೆಯೂ ಮುಗಿಯಿತು. ಚಿಕ್ಕ ವಯಸ್ಸಿನಲ್ಲೇ ಮಾಡಿಸಿದ ಬೆಕ್ಕುಗಳಲ್ಲಿ ಮೊಲೆ ಗಡ್ಡೆಯೂ ತುಂಬಾ ಕಡಿಮೆ.

ಲ್ಯಾಬ್ರಡಾರ್ ಮನೆ:
ಡಾಕ್ಟ್ರೇ, ಒಂದು ಸಲವಾದರೂ ಮರಿ ಹಾಕಿದ ಮೇಲೆ ಮಾಡಿಸಬೇಕು ಅಂತಾರಲ್ಲ? ಆಮೇಲೆ ದಪ್ಪ ಆಗುತ್ತದೆ ಅಂತಲೂ ಕೇಳಿದ್ದೇನೆ. ನಮ್ಮದು ಮೊದಲೇ ತಿಂಡಿಪೋತ.

ಪಶುವೈದ್ಯೆ, ಮೂರನೇ ರಸ್ತೆ:
ಒಂದು ಸಲ ಮರಿ ಹಾಕಿದರೆ ಆರೋಗ್ಯಕ್ಕೆ ಒಳ್ಳೆಯದು ಅನ್ನುವುದಕ್ಕೆ ಆಧಾರ ಇಲ್ಲ. ದಪ್ಪ ಆಗುವ ಮಾತು ಮಾತ್ರ ನಿಜ. ಹಸಿವು ಜಾಸ್ತಿ ಆಗುತ್ತದೆ, ಮೈಗೆ ಬೇಕಾಗುವ ಶಕ್ತಿ ಕಡಿಮೆ ಆಗುತ್ತದೆ. ಬಟ್ಟಲಿಗೆ ಹಾಕುವುದನ್ನು ಅಳೆದು ಹಾಕಿ, ವಾಕಿಂಗ್ ತಪ್ಪಿಸಬೇಡಿ. ನಾಯಿ ಎಷ್ಟೇ ಆಸೆಯಿಂದ ನೋಡಿದರೂ ಕರಗಬೇಡಿ.

ನಿಮ್ಮದು ದೊಡ್ಡ ತಳಿ, ಅದಕ್ಕೆ ಇನ್ನೊಂದು ಮಾತು. ಮೂಳೆ ಬೆಳೆದು ಮುಗಿಯುವ ಮೊದಲೇ ಮಾಡಿಸಿದರೆ ಕೆಲವು ದೊಡ್ಡ ತಳಿಗಳಿಗೆ ಕೀಲಿನ ತೊಂದರೆ ಹೆಚ್ಚು ಕಂಡುಬಂದಿದೆ. ಕೆಲವು ಹೆಣ್ಣು ನಾಯಿಗಳಿಗೆ ಮುಂದೆ ಮಲಗಿದಲ್ಲೇ ಮೂತ್ರ ಸೋರಬಹುದು, ಅದಕ್ಕೆ ಔಷಧಿ ಇದೆ. ಹಾಗಾಗಿ ಯಾವ ವಯಸ್ಸಿಗೆ ಅಂತ ನಿಮ್ಮ ಡಾಕ್ಟರ ಹತ್ತಿರ ನಾಯಿಯನ್ನು ತೋರಿಸಿಯೇ ತೀರ್ಮಾನಿಸಿ. ಬೆಕ್ಕಿಗೆ ಇಷ್ಟು ಯೋಚನೆ ಬೇಡ, ಐದು ತಿಂಗಳ ಒಳಗೆ ಮಾಡಿಸಿದರೆ ಒಳ್ಳೆಯದು.

ಮಹಡಿ ಮನೆ:
ನಮ್ಮದು ಗಂಡು ನಾಯಿ. ಅದು ಮರಿ ಹಾಕುವುದಿಲ್ಲವಲ್ಲ! ಮಾಡಿಸಿದರೆ ಮನೆ ಕಾಯುವುದನ್ನೂ ಬಿಡುತ್ತದೆ.

ಮೇಷ್ಟ್ರು, ಎರಡನೇ ರಸ್ತೆ:
ಮರಿ ಹಾಕುವುದಿಲ್ಲ ಸಾರ್, ಹಾಕಿಸುತ್ತದೆ.

ಪಶುವೈದ್ಯೆ, ಮೂರನೇ ರಸ್ತೆ:
😀 ಸಾರ್, ಹೊಸಬರು ಬಂದರೆ ಬೊಗಳುವುದು ಅದರ ಸ್ವಭಾವ, ಕಲಿಕೆ. ಅದು ಎಲ್ಲೂ ಹೋಗುವುದಿಲ್ಲ. ಹೆಣ್ಣಿನ ವಾಸನೆ ಹಿಡಿದು ಗೇಟು ಹಾರಿ ರಸ್ತೆಗೆ ಓಡುವುದು ಕಡಿಮೆಯಾಗುತ್ತದೆ. ವೃಷಣದ ಕ್ಯಾನ್ಸರ್ ಭಯ ಇರುವುದಿಲ್ಲ, ವಯಸ್ಸಾದ ಮೇಲೆ ಪ್ರಾಸ್ಟೇಟ್ ಗ್ರಂಥಿ ಊದಿಕೊಳ್ಳುವ ತೊಂದರೆಯೂ ಕಡಿಮೆ. ಆದರೆ ಕಚ್ಚುವ ನಾಯಿ ಸಾಧು ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಭಯದಿಂದ ಕಚ್ಚುವ ನಾಯಿಗೆ ತರಬೇತಿಯೇ ಬೇಕು. ಇನ್ನೊಂದು, ಆಪರೇಷನ್ ಆದ ಕೂಡಲೇ ನಂಬಿ ಬಿಡಬೇಡಿ. ಕೆಲವು ವಾರ ವೀರ್ಯ ಉಳಿದಿರುತ್ತದೆ, ಅಲ್ಲಿಯವರೆಗೆ ಹೆಣ್ಣು ನಾಯಿಗಳಿಂದ ದೂರ ಇಡಿ.

ಗಂಡು ಬೆಕ್ಕಿನಲ್ಲಂತೂ ವ್ಯತ್ಯಾಸ ಎದ್ದು ಕಾಣುತ್ತದೆ. ಬಾಗಿಲು, ಸ್ಕೂಟರ್, ಗೋಡೆಗೆಲ್ಲ ಮೂತ್ರ ಚಿಮ್ಮಿಸುವುದು ಹೆಚ್ಚಿನವುಗಳಲ್ಲಿ ನಿಲ್ಲುತ್ತದೆ. ಜಗಳವೂ ಇಳಿಯುತ್ತದೆ. ಆ ಕಚ್ಚಾಟದಲ್ಲೇ ಕೀವುಗಾಯ ಆಗುವುದು, ಬೆಕ್ಕುಗಳ ರೋಗನಿರೋಧಕ ಶಕ್ತಿ ಕುಗ್ಗಿಸುವ ಎಫ್‌ಐವಿ ವೈರಸ್ ಹರಡುವುದು.

ಮೂಲೆ ಮನೆ:
ನಮ್ಮ ಬೆಕ್ಕಿಗೆ ಮಾಡಿಸಿದ ಮೇಲೆ ಮೊದಲ ದಿನ ತೂಕಡಿಸುತ್ತಾ ಮಲಗಿತ್ತು, ಮರುದಿನ ಕಿಟಕಿ ಹತ್ತಲು ಹೊರಟಿತು. ತಡೆಯುವುದೇ ದೊಡ್ಡ ಕೆಲಸ. ಹೊಲಿಗೆ ನೆಕ್ಕದಂತೆ ಕುತ್ತಿಗೆಗೆ ಕೋನ್ ಹಾಕಿ, ನೋಡಲು ಅಯ್ಯೋ ಅನಿಸಿದರೂ ತೆಗೆಯಬೇಡಿ.

ಪಶುವೈದ್ಯೆ, ಮೂರನೇ ರಸ್ತೆ:
ಹೌದು, 10ರಿಂದ 14 ದಿನ ಸ್ನಾನ, ಜಿಗಿದಾಟ ಎರಡೂ ಬೇಡ. ಗಾಯ ಕೆಂಪಾಗಿ ಊದಿದರೆ, ಸೋರಿದರೆ ತಕ್ಷಣ ತೋರಿಸಿ. ನೋವಿದೆ ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಲೇಬೇಡಿ. ಬೆಕ್ಕಿಗೆ ಅದು ವಿಷ, ಒಂದೇ ಮಾತ್ರೆಗೆ ಜೀವ ಹೋಗಬಹುದು.

ಅಡ್ಮಿನ್:
ಸರಿ, ಹೀಗೆ ಮಾಡೋಣ. ಬೆಕ್ಕು ನಾಯಿ ಇರುವವರು ಗಂಡೋ ಹೆಣ್ಣೋ, ವಯಸ್ಸು, ಲಸಿಕೆ ಆಗಿದೆಯೋ ಇಲ್ಲವೋ ಇಲ್ಲೇ ಬರೆಯಿರಿ. ಬೆದೆಯಲ್ಲಿದ್ದರೆ ಅದನ್ನೂ ತಿಳಿಸಿ. ಆಪರೇಷನ್‌ಗೆ ಎಲ್ಲರೂ ಒಟ್ಟಿಗೆ ಹೋದರೆ ಒಂದೆರಡು ಗಾಡಿಯಲ್ಲೇ ಮುಗಿಯುತ್ತದೆ. ಊಟ ಹಾಕುವವರನ್ನು ಯಾರೂ ಬೈಯಬೇಡಿ. ಬೀದಿ ಬೆಕ್ಕುಗಳು ಅವರ ಕೈಗೇ ಬರುವುದು, ಅವನ್ನೂ ಆಪರೇಷನ್‌ಗೆ ಹಿಡಿಯಲು ಅವರೇ ಬೇಕು. ಆಪರೇಷನ್ ಆದ ಬೀದಿ ಬೆಕ್ಕಿನ ಕಿವಿಯ ತುದಿಯನ್ನು ಅರಿವಳಿಕೆಯಲ್ಲಿರುವಾಗಲೇ ಸ್ವಲ್ಪ ಕತ್ತರಿಸುತ್ತಾರೆ. ಅಂಥದ್ದು ಕಂಡರೆ ಮತ್ತೆ ಹಿಡಿಯುವುದು ಬೇಡ.

ಮಹಡಿ ಮನೆ:
ನಮ್ಮದು ಗಂಡು, ಮೂರು ವರ್ಷ, ಲಸಿಕೆ ಆಗಿದೆ. ಬರೆದುಕೊಳ್ಳಿ. ಹಿಂದಿನ ರಾತ್ರಿ ಊಟ ಎಷ್ಟು ಹೊತ್ತಿಗೆ ನಿಲ್ಲಿಸಬೇಕು?

ಲ್ಯಾಬ್ರಡಾರ್ ಮನೆ:
ಶನಿವಾರ ಆದರೆ ನನ್ನ ಕಾರು ಇರುತ್ತದೆ. ಬೆಕ್ಕು ಒಯ್ಯುವ ಬುಟ್ಟಿ ಯಾರ ಹತ್ತಿರ ಇದೆ?